ಭಾವನ ಯೂನಿಯನ್, ನನ್ನ ಸ್ಲ್ಯಾಬ್

ಫೆಬ್ರವರಿ 9, ಬೆಳಿಗ್ಗೆ

ಮತ್ತೆ ಸೈಟು, ಮತ್ತೆ ಧೂಳು, ಮತ್ತೆ ಅದೇ ಪ್ರಶ್ನೆ. ನಾಲ್ಕು ಮಹಡಿಯ ಅಂಗಡಿ ಕಟ್ಟಡ, ಗುತ್ತಿಗೆ ನನ್ನದು. ಮೊದಲ ಕಾಂಕ್ರೀಟ್ ಸ್ಲ್ಯಾಬಿಗೆ ಯಾರನ್ನು ಕರೆಯಲಿ? ಯೂನಿಯನ್ನಿನವರನ್ನೋ, ಹೊರಗಿನವರನ್ನೋ? ಯೂನಿಯನ್ ಕಾರ್ಯದರ್ಶಿ ಬೇರಾರೂ ಅಲ್ಲ, ಹೆಂಡತಿಯ ಒಡಹುಟ್ಟಿದ ಅಣ್ಣ; ನನಗೆ ಅವನು ಭಾವ, ಅವನಿಗೆ ನಾನು ಭಾವ. ಸೈಟಿನಲ್ಲಿ ಮುಷ್ಕರವಾದರೆ ಅಡುಗೆಮನೆಯಲ್ಲೂ ಮುಷ್ಕರ.

ಬಂದ. ಕೂತ. ಕಾಲ ಮೇಲೆ ಕಾಲು.

"ಭಾವ, ಎಲ್ಲರಿಗೂ ಬೂಟು ಬೇಕು. ನಾಲ್ಕಕ್ಕೆ ಟೀ."

"ಸ್ಲ್ಯಾಬ್ ಹಾಕೋವಾಗ ಎಂಥಾ ಟೀ ಭಾವ? ಕಾಂಕ್ರೀಟ್ ಕಾಯುತ್ತಾ?"

"ಸರದಿ ಮೇಲೆ ಕುಡೀತಾರೆ. ಅರ್ಧ ಜನ ಕೆಲಸ, ಅರ್ಧ ಜನ ಟೀ. ಇಪ್ಪತ್ತು ವರ್ಷದಿಂದ ಹಾಗೇ."

ಇಪ್ಪತ್ತು ವರ್ಷದಿಂದ ನನ್ನ ತಲೆ ತಿನ್ನುತ್ತಿರುವುದೂ ಹಾಗೇ.

ಫೆಬ್ರವರಿ 10

ಮಿಂಚು ಮೇಸ್ತ್ರಿ ಸಿಕ್ಕ. ಯೂನಿಯನ್ ಗಾಳಿ ಸೋಕದ ತಂಡ.

"ಟೀನಾ? ಸ್ಲ್ಯಾಬ್ ಮುಗಿಯೋತನಕ ನೀರೂ ಕೇಳಲ್ಲ ಸ್ವಾಮಿ."

"ಬೂಟು?"

"ಅಯ್ಯೋ, ಬರಿಗಾಲೇ ಸಾಕು."

ನಾನು ಅವನಿಗೆ ಅಡ್ಡಬೀಳುವುದೊಂದು ಬಾಕಿ. ಕೆಲಸ ಅವನಿಗೇ. ಹೆಂಡತಿಗೆ ಹೇಳಿದೆ. ಅವಳು "ಸರಿ" ಎಂದಳು. ಅಷ್ಟೇ.

ಫೆಬ್ರವರಿ 14

ಮನೆಯಲ್ಲಿ ಸೌಟಿನ ಸದ್ದೇ ಸಂಭಾಷಣೆ. ನಾಳೆ ಸ್ಲ್ಯಾಬ್. ಇಂಜಿನಿಯರ್ ಬೆದರಿಸಿ ಹೋದ: "ಮಧ್ಯ ನಿಲ್ಸಿದ್ರೆ ಒಡೆಸಿ ಹಾಕ್ತೀನಿ. ಮೇಲಿನ ಮಹಡಿಗಳನ್ನೂ ಮರೆತುಬಿಡಿ."

ಫೆಬ್ರವರಿ 15, ಸಂಜೆ 4.10, ಶೆಡ್ಡು

ಹಾಳಾಗಿ ಹೋಯಿತು!

ಮೂರೂವರೆಗೆ ಭಾವ ಹಾಜರ್. ಹಿಂದೆ ಅವನ ದಂಡು. ಬಾವುಟ ಬಂದೀತು ಎಂದುಕೊಂಡೆ. ಇಲ್ಲ. ಮೇಲೆ ನೋಡಿ ಒಂದೇ ಪ್ರಶ್ನೆ: "ಸಿಮೆಂಟಿಗೆ ಯಾರ ಕಾಲು ಸುಡ್ತಿದೆಯಪ್ಪಾ?"

ಅಷ್ಟೂ ಕೈ ಮೇಲೆ. ಮಿಂಚು ಮೇಸ್ತ್ರಿಯದು ಎರಡೂ ಕೈ. ಅವನ ಹಿಮ್ಮಡಿಯ ಬೊಬ್ಬೆ ನಾನೂ ಬೆಳಿಗ್ಗೆಯೇ ಕಂಡಿದ್ದೆ. ಕಂಡು, ಆಕಾಶ ನೋಡಿದ್ದೆ.

ಹತ್ತೇ ನಿಮಿಷದಲ್ಲಿ ಎಲ್ಲರೂ ಯೂನಿಯನ್ ಸದಸ್ಯರು. ನಾಲ್ಕು ಹೊಡೆಯಿತು. ಹೊಸ ಭಕ್ತರಲ್ಲವೇ — ಸರದಿ ಗೊತ್ತಿಲ್ಲ, ಅಷ್ಟೂ ಜನ ಒಟ್ಟಿಗೇ ಟೀಗೆ ಕೂತರು! ಅರ್ಧ ಸ್ಲ್ಯಾಬ್ ಬಿಸಿಲಿಗೆ ಬಿದ್ದಿದೆ. ನಾನೇ ಸಲಿಕೆ ಹಿಡಿದೆ.

"ಸ್ವಾಮಿ, ಸದಸ್ಯರಲ್ಲದವ್ರು ಮುಟ್ಟೋ ಹಾಗಿಲ್ಲ" — ಮಿಂಚು ಮೇಸ್ತ್ರಿ, ಲೋಟ ಎತ್ತಿ.

"ನನ್ನನ್ನೂ ಸೇರಿಸ್ಕೊಳ್ಳಿ ಭಾವ!"

"ಆಗಲ್ಲ ಭಾವ. ನೀವು ಮಾಲೀಕರ ಕಡೆ."

"ಹಾಗಾದ್ರೆ ನಿಮ್ಮವರನ್ನ ಹತ್ತಿಸಿ. ಕೈ ಮುಗೀತೀನಿ."

"ಹತ್ತಿಸ್ತೀನಿ. ನಾಲ್ಕೂ ಮಹಡಿಗೆ ಯೂನಿಯನ್, ಎಲ್ಲರಿಗೂ ಬೂಟು — ಇಡೀ ಸೈಟಿಗೆ ಕೇಳೋ ಹಾಗೆ ನೀವೇ ಕೂಗಿ."

ಯೋಚಿಸಿ ಹೇಳುತ್ತೇನೆಂದು ಒಳಗೆ ಬಂದಿದ್ದೇನೆ. ಸಲಿಕೆ ಮುಟ್ಟಬಾರದು, ಪೆನ್ನು ಮುಟ್ಟಬಹುದಂತೆ. ಅವನ ದಂಡು ಬೂಟು ತೊಟ್ಟು ಏಣಿ ಬುಡದಲ್ಲಿ ನಿಂತಿದೆ. ಎಲ್ಲರ ಕಣ್ಣು ಶೆಡ್ಡಿನ ಬಾಗಿಲ ಮೇಲೆ. ಕೂಗಲೇಬೇಕು.

"ಭಾವಾ, ಕಾಂಕ್ರೀಟಿನ ಅಂಚು ಬಿಗೀತಾ ಇದೆ!" — ಹೊರಗಿಂದ ಭಾವನ ದನಿ.

ಬಂದೆ ಮಾರಾಯ, ಬಂದೆ, ಕೂಗ್ತೀನಿ —