ವ್ಯಾನಿನ ಹಿಂದೆ ಇಫ್ತಾರ್

ಡಿಸೆಂಬರ್ ೧೦, ೨೦೦೦, ಭಾನುವಾರ

ಜಾಕೆಟ್ಟಿನ ವಾಸನೆ ಹೋಗುತ್ತಲೇ ಇಲ್ಲ. ಬಾಲ್ಕನಿಯಲ್ಲಿ ನೇತುಹಾಕಿದ್ದೇನೆ.

ರಂಜಾನಿನ ರೋಜಾ ಇಟ್ಟುಕೊಂಡು ಸ್ನೋಬೋರ್ಡಿಂಗಿಗೆ ಹೋಗಿದ್ದೇ ಹುಚ್ಚು. ದಿನವಿಡೀ ಹಿಮದಲ್ಲಿ ಬಿದ್ದೆ. ಸಂಜೆ ಪಾರ್ಕಿಂಗ್ ಲಾಟಿನಲ್ಲಿ, ನಮ್ಮೂರು ಸ್ಯಾನ್ ಮಟಿಯೋದಿಂದ ನಾನಿದ್ದ ಬಾಡಿಗೆ ವ್ಯಾನಿನಲ್ಲೇ ಬಂದಿದ್ದ ಅಪರಿಚಿತರು ಗಾಂಜಾ ಸುತ್ತಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ನನ್ನ ಬಳಿಗೂ ಬಂತು. ಉಪವಾಸ, ಸೂರ್ಯ ಮುಳುಗುವವರೆಗೆ ನೀರೂ ಇಲ್ಲ ಎಂದೆ. ಮುಳುಗಿದ ಮೇಲೂ ಇದು ಬೇಡ ಎನ್ನಲು ಧೈರ್ಯ ಬರಲಿಲ್ಲ.

ಉದ್ದ ಕೂದಲಿನವನು ಆಗಷ್ಟೇ ಒಡೆದಿದ್ದ ಚಿಪ್ಸ್ ಪ್ಯಾಕೆಟ್ಟನ್ನು ಮಡಚಿಟ್ಟ. "ಹಾಗಾದ್ರೆ ನಾವೂ ಕಾಯ್ತೀವಿ."

ಗಾಂಜಾ ಸೇದಿದವರ ಹಸಿವು ನನ್ನದಕ್ಕಿಂತ ದೊಡ್ಡದು. ಆದರೂ ಎಲ್ಲರೂ ಬೆಟ್ಟದ ತುದಿಯ ಬಿಸಿಲನ್ನೇ ದಿಟ್ಟಿಸುತ್ತ ಕೂತರು. "ಇನ್ನೂ ಹೋಗ್ಲಿಲ್ವಾ?" ಎಂದು ಒಬ್ಬಳು ಕೇಳುತ್ತಲೇ ಇದ್ದಳು. ಈ ತಿಂಗಳು ಆಫೀಸಿಗೆ ಪಿಜ್ಜಾ ಬಂದಾಗ ನಾನು ಎದ್ದು ಹೊರಗೆ ಹೋಗುತ್ತೇನೆ. ಯಾಕೆಂದು ಯಾರೂ ಕೇಳಿಲ್ಲ.

ಕೊನೆಗೆ ಬಿಸಿಲು ಹೋದ ಮೇಲೆ ಜೇಬಿನ ಖರ್ಜೂರ ಹಂಚಿದೆ. ಚಳಿಗೆ ಕಲ್ಲಾಗಿತ್ತು. ಬಾಯಲ್ಲಿ ಮೆತ್ತಗಾಗುವವರೆಗೆ ಎಲ್ಲರೂ ಚೀಪಿದೆವು.

ಮನೆಗೆ ಬಂದರೆ ನನ್ನ ಹೆಂಡತಿ ನೌರೀನ್ ಜಾಕೆಟ್ಟು ಮೂಸಿದಳು. "ಇಫ್ತಾರ್ ಯಾರ ಜೊತೆ ಮಾಡಿದ್ರಿ?"

"ಫ್ರೆಂಡ್ಸ್ ಜೊತೆ."

"ಯಾವ ಫ್ರೆಂಡ್ಸು? ಹೆಸರು?"

ಅವರಲ್ಲಿ ಒಬ್ಬರ ಹೆಸರನ್ನಾದರೂ ಕೇಳಿಕೊಂಡಿದ್ದರೆ ಹೇಳಬಹುದಿತ್ತು.