ತಪ್ಪುಗಳ ಪುಟ

ಮೇ 8, ಮಂಗಳವಾರ

ಕಾಫಿ. ಮೊಣಕಾಲಿನ ಮಾತ್ರೆ. ಆಮೇಲೆ ಮರ್ಲ್ ಕೊವಾರಿಕ್‌ನ ವೆಬ್‌ಸೈಟ್. ದಿನದ ಮೊದಲ ಸಿಟ್ಟು ಅಲ್ಲಿಂದಲೇ ಶುರುವಾಗಬೇಕು, ಇಲ್ಲದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಕಪ್ಪು ಹಿನ್ನೆಲೆ, ಹಳದಿ ಅಕ್ಷರ. ಪುಟದ ಅಡಿಯಲ್ಲಿ ತೆವಳುವ ಕಾರ್ಟೂನ್ ಬಸವನಹುಳು, ಅದಕ್ಕೊಂದು ಟೋಪಿ ಬೇರೆ. ‘ನಮ್ಮ ಈಶಾನ್ಯ ಅಯೋವಾದ ಬಸವನಹುಳುಗಳು’. ನಮ್ಮ ಅಂತೆ! ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವನು. ಅಷ್ಟೇ ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವಳು ನಾನು, ನಾನೆಂದೂ ‘ನಮ್ಮ’ ಅನ್ನಲಿಲ್ಲ. ಫೋಟೋದಲ್ಲಿ ಅಳತೆಪಟ್ಟಿ ಇರಬೇಕಾದ ಕಡೆ ಹತ್ತು ಸೆಂಟಿನ ನಾಣ್ಯ. ಒಂದರಲ್ಲಿ ನಾಣ್ಯದ ಪಕ್ಕ ಕೊಲಾಚೆ ಬನ್ನಿನ ಚೂರೂ ಬಿದ್ದಿದೆ. ಅಲ್ಪನಿಗೆ ಕಂಪ್ಯೂಟರ್ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನೆ.

ಲ್ಯಾಟಿನ್ ಹೆಸರುಗಳಲ್ಲಿ ಇವತ್ತು ನಾಲ್ಕು ತಪ್ಪು. ಮೇಲ್ ಕಳಿಸಿದೆ.

ಮೇ 9

ಆಗಲೇ ತಿದ್ದಿದ್ದಾನೆ. ಅವನದೊಂದು ಪದ್ಧತಿ, ಏನನ್ನೂ ಅಳಿಸುವುದಿಲ್ಲ. ತಪ್ಪಿನ ಮೇಲೆ ಗೆರೆ, ಪಕ್ಕದಲ್ಲಿ ಸರಿ, ತಾರೀಕು, ತಿದ್ದಿದವರ ಹೆಸರು. ಎಲ್ಲ ಸೇರಿಸಿ ‘ನನ್ನ ತಪ್ಪುಗಳು’ ಅಂತ ಒಂದು ಪುಟವನ್ನೇ ಇಟ್ಟಿದ್ದಾನೆ. ಹರಿದ ಅಂಗಿಯನ್ನು ರಸ್ತೆಗೆ ಕಾಣುವಂತೆ ಒಣಹಾಕುವ ಜನ. ಇನ್ನೂರ ಹನ್ನೊಂದು ತಪ್ಪು. ಅದರಲ್ಲಿ ನೂರಾ ನಲವತ್ತು ನನ್ನವು... ಅಂದರೆ, ನಾನು ತಿದ್ದಿದವು.

‘ಡಾ. ಸೋಲ್ವೇಗ್ ರುಸ್ಟಾಡ್ ಅವರಿಗೆ ಮತ್ತೆ ಋಣಿ’ ಅಂತ ಬರೆದಿದ್ದಾನೆ. ಬೇಡವಾಗಿತ್ತು.

ಮೇ 25, ಶುಕ್ರವಾರ

ಫೋನ್. ಅವನೇ.

“ಡಾಕ್ಟ್ರೇ, ಬೇಜಾರ್ ಮಾಡ್ಕೋಬೇಡಿ, ಒಂದು ಕೇಳ್ಬೇಕಿತ್ತು. ಕ್ರೀಮರಿ ಹಿಂದಿನ ತಣ್ಣನೆ ಗುಡ್ಡ ಇದ್ಯಲ್ಲ...”

ಗೊತ್ತು. ಬೆಣ್ಣೆ ಕಾರ್ಖಾನೆಯ ಹಿಂದೆ, ಒಳಗೆ ಮಂಜುಗಡ್ಡೆ ಉಳಿದಿರುವ ಗುಡ್ಡ. ಜುಲೈನಲ್ಲೂ ಬಂಡೆಯ ಬಿರುಕುಗಳಿಂದ ಫ್ರಿಜ್ಜಿನ ಗಾಳಿ. ಹಿಮಯುಗದಿಂದ ಬದುಕಿ ಬಂದ ಒಂದು ಹುಳು ಅಂಥ ಕಡೆ ಮಾತ್ರ ಉಳಿಯುತ್ತದೆ, ಸಾಸಿವೆಗಿಂತ ಚೂರು ದಪ್ಪ.

“ಅಲ್ಲಿ ಬರೀ ಸತ್ತ ಚಿಪ್ಪು ಇದೆ, ಜೀವಂತ ಒಂದೂ ಇಲ್ಲ ಅಂತ ತೊಂಬತ್ತೊಂದರಲ್ಲಿ ನೀವು ಬರೆದಿದ್ರಿ. ಈಗ ಕಲ್ಲುಕ್ವಾರಿಯವ್ರು ಆ ವರದೀನೇ ಕೌಂಟಿ ಆಡಳಿತಕ್ಕೆ ಕೊಟ್ಟಿದ್ದಾರೆ. ಗುಡ್ಡ ಒಡೆಯೋಕೆ ಅನುಮತಿ ಕೇಳಿ. ಆದ್ರೆ ನನಗೆ ಹನ್ನೆರಡು ಸಿಕ್ವು. ಓಡಾಡ್ತಾ ಇವೆ.”

“ಬೇರೆ ಜಾತಿ ಇರುತ್ತೆ. ನಿಮಗೆ ಗೊತ್ತಾಗಲ್ಲ.”

“ಇರ್ಬಹುದು. ನೀವು ಯಾವ ಕಡೆಯಿಂದ ಹತ್ತಿದ್ರಿ, ಡಾಕ್ಟ್ರೇ?”

“ಹದಿನಾರು ವರ್ಷದ ಹಿಂದಿನ ಮಾತು! ಯಾರಿಗ್ರೀ ನೆನಪಿರುತ್ತೆ?”

ಫೋನ್ ಇಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವನು ಕಳ್ಳ ಅಂತಲೂ ಅಂದಿರಲಿಲ್ಲ.

ಮೇ 26

ಫೋಟೋ ಹಾಕಿದ್ದಾನೆ. ಬೆಳಕು ಸರಿಯಿಲ್ಲ. ನಾಣ್ಯ. ಚಿಪ್ಪಿನ ಬಾಯಂಚು ಮಾತ್ರ ಸ್ಪಷ್ಟ, ಜಾತಿ ಗುರುತಿಸಲು ಅಷ್ಟು ಸಾಕು.

ಅದೇ.

ಜೂನ್ 14

ಮೂರು ವಾರ ಏನೂ ಬರೆಯಲಿಲ್ಲ. ಅವನ ಸೈಟನ್ನೂ ತೆರೆಯಲಿಲ್ಲ.

ಇವತ್ತು ಅಟ್ಟದಿಂದ ಹಳೆಯ ನೋಟ್‌ಬುಕ್ ಇಳಿಸಿದೆ. ನನ್ನದೇ ಅಕ್ಷರ: ‘ಕ್ರೀಮರಿ ಗುಡ್ಡ. ಬುಡದಲ್ಲಿ ಎರಡು ಚೀಲ ತರಗೆಲೆ. 3.30 — ಕೂದಲು.’

ಆ ಸಂಜೆ ಕಾಲೇಜಿನಲ್ಲಿ ನನಗೆ ಸನ್ಮಾನದ ಊಟವಿತ್ತು, ಅದಕ್ಕೆ ಮೊದಲು ಮೂರೂವರೆಗೆ ಪಾರ್ಲರಿನಲ್ಲಿ ಕೂದಲಿನ ಅಲಂಕಾರ. ಬೆವರಿ, ಕೂದಲಿಗೆ ಕಸ ಮೆತ್ತಿಕೊಂಡು ಹೋಗಲು ಮನಸ್ಸಾಗಲಿಲ್ಲ. ಬುಡದ ಎಲೆ ಜರಡಿ ಹಿಡಿದೆ, ಹೊರಟೆ. ಮಳೆ ಸತ್ತ ಚಿಪ್ಪನ್ನು ಕೆಳಗೆ ತರುತ್ತದೆ. ಬದುಕಿದ್ದದ್ದು ಮೇಲೆ, ಬಿರುಕುಗಳ ಹತ್ತಿರ ಇರುತ್ತದೆ. ಮೊದಲ ವರ್ಷದ ವಿದ್ಯಾರ್ಥಿ ಈ ತಪ್ಪು ಮಾಡಿದ್ದರೆ ಎಲ್ಲರೆದುರು ನಿಲ್ಲಿಸಿ ಬೈಯುತ್ತಿದ್ದೆ. ವರದಿಯಲ್ಲಿ ಬರೆದದ್ದು: ‘ಇಡೀ ಇಳಿಜಾರನ್ನು ಹುಡುಕಲಾಯಿತು.’ ಸುಳ್ಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ನಾಚಿಕೆಯಾಗುತ್ತಿದೆ. ಅದಕ್ಕಿಂತ ಹೆಚ್ಚಾಗಿ ಅವನ ಮೇಲೆ ಸಿಟ್ಟು. ಅವನು ಮೇಲಕ್ಕೆ ಹತ್ತಿದ್ದಾನೆ, ಅರವತ್ತೆಂಟರ ವಯಸ್ಸಿನಲ್ಲಿ.

ಜೂನ್ 18, ಸೋಮವಾರ

ಬಾಗಿಲಲ್ಲಿ ಮರ್ಲ್. ಮಾತ್ರೆ ಡಬ್ಬಿಯಲ್ಲಿ ಒಂದು ಹುಳು, ಒದ್ದೆ ಪಾಚಿಯ ಮೇಲೆ. ಇನ್ನೊಂದು ಕೈಯಲ್ಲಿ ಹೆಂಡತಿ ಮಾಡಿದ ಕೊಲಾಚೆ. ಕೂರಿಸದೆ ವಿಧಿಯಿರಲಿಲ್ಲ.

ಹೇಳಬೇಕಾದದ್ದನ್ನು ಬಿಟ್ಟು, “ನಾಣ್ಯ ಇಡ್ತೀರಲ್ಲ, ಒಂದು ಅಳತೆಪಟ್ಟಿ ಕೊಳ್ಳೋಕೇನ್ರೀ ಕಷ್ಟ?” ಅಂದೆ.

“ನಮ್ಮ ಬಸ್ಸಿನ ಮಕ್ಕಳು ನೋಡ್ತವೆ ಡಾಕ್ಟ್ರೇ. ಮಿಲಿಮೀಟರ್ ಅಂದ್ರೆ ಅವಕ್ಕೆ ತಲೆಗೆ ಹೋಗಲ್ಲ. ನಾಣ್ಯ ಜೇಬಲ್ಲೇ ಇರುತ್ತೆ, ತೆಗೆದು ನೋಡ್ಕೋತವೆ.”

ಕೊಲಾಚೆ ತಿಂದೆ. ಸಿಹಿ ಜಾಸ್ತಿ.

“ನಾಳೆ ಒಂಬತ್ತಕ್ಕೆ ಕೌಂಟಿ ಸಭೆ,” ಎಂದ ಎದ್ದು. “ಮಾತಾಡೋಕೆ ಮೂರು ನಿಮಿಷ ಕೊಡ್ತಾರಂತೆ. ಡಾಕ್ಟ್ರು ಇಲ್ಲ ಅಂದಿದ್ದನ್ನ ಬಸ್ ಡ್ರೈವರ್ ಇದೆ ಅಂದ್ರೆ ಯಾರು ನಂಬ್ತಾರೆ? ಆದ್ರೂ ಹೋಗ್ತೀನಿ.”

‘ನೀವೂ ಬನ್ನಿ’ ಅನ್ನಲಿಲ್ಲ. ನಾನು ಮೇಲಕ್ಕೆ ಹತ್ತಲಿಲ್ಲವೆಂದು ಅವನಿಗೆ ಗೊತ್ತಿದೆ. ಬುಡದಲ್ಲಿ ಸತ್ತ ಚಿಪ್ಪು ನೋಡಿದ ದಿನವೇ ಗೊತ್ತಾಗಿರಬೇಕು. ಸೈಟಿನಲ್ಲಿ ಒಂದಕ್ಷರ ಹಾಕಿಲ್ಲ. ಬೇರೆಯವರ ತಪ್ಪಿಗೆ ಅಲ್ಲಿ ಜಾಗವಿಲ್ಲವೇನೋ.

ಡಬ್ಬಿ ಮರೆತು ಹೋಗಿದ್ದಾನೆ. ಅಥವಾ ಬಿಟ್ಟು ಹೋಗಿದ್ದಾನೆ. ಫ್ರಿಜ್ಜಿನಲ್ಲಿ, ಬೆಣ್ಣೆಯ ಪಕ್ಕ ಇಟ್ಟೆ.

ಜೂನ್ 19, ಬೆಳಿಗ್ಗೆ 8.50

ಕೌಂಟಿ ಕಚೇರಿಯ ಎದುರು, ಕಾರಿನಲ್ಲಿ. ಡಬ್ಬಿ ತೊಡೆಯ ಮೇಲೆ. ಹುಳು ಮುಚ್ಚಳದ ತನಕ ಹತ್ತಿದೆ.

ಮರ್ಲ್ ಮೆಟ್ಟಿಲ ಮೇಲೆ ನಿಂತಿದ್ದಾನೆ. ಟೈ ಕಟ್ಟಿದ್ದಾನೆ, ಅದರ ಮೇಲೂ ಬಸವನಹುಳು! ಇಂಥವನ ಪಕ್ಕ ನಿಲ್ಲಬೇಕು. ನನ್ನನ್ನು ನೋಡಿದ. ಕೈ ಬೀಸಲಿಲ್ಲ, ಬಾಗಿಲು ತೆರೆದು ಹಿಡಿದುಕೊಂಡು ನಿಂತ.

ಮೂರು ನಿಮಿಷ. ಮೊದಲ ವಾಕ್ಯ ಸಿದ್ಧ: ನನ್ನ ಹೆಸರು ಸೋಲ್ವೇಗ್ ರುಸ್ಟಾಡ್, ಆ ಗುಡ್ಡವನ್ನು ನಾನು ಹತ್ತಲೇ ಇಲ್ಲ. ಎರಡನೆಯದು, ಯಾಕೆ ಹತ್ತಲಿಲ್ಲವೆಂದರೆ —