ಮುರುಗಲು ಹಾಕದ ಸಾರು

ಹೊನ್ನಾವರ, ೧೯೪೬

ಧಾರವಾಡದ ಅಕ್ಕನಿಗೆ ನಮಸ್ಕಾರ. ನಿನ್ನ ತಮ್ಮ ಪೆಟ್ಟು ತಿನ್ನದೆ ಉಳಿದಿದ್ದಾನೆ!

ನಿನ್ನೆ ಶಾಲೆಯಲ್ಲಿ ಇಂಗ್ಲಿಷ್ ಸಾಹೇಬನೊಬ್ಬನ ಭಾಷಣ. ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ಹೊಸ ಮಾಸ್ತರನಾದ ನನ್ನದು. “ನಿಮ್ಮ ಪೂರ್ವಜರು ಹಡಗು ದೋಚುವ ಕಡಲ್ಗಳ್ಳರು” ಎಂದ ಸಾಹೇಬ. ಪೆಟ್ಟು ಬೀಳುವುದು ಖಂಡಿತ ಎಂದುಕೊಂಡೇ ಕನ್ನಡದಲ್ಲಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು! “ಮೀನು ಸಾರಿಗೆ ಹುಳಿ ಹಾಕುವುದೂ ಅವರಿಗೆ ಗೊತ್ತಿರಲಿಲ್ಲ” ಎಂದಾಗ ಮಾತ್ರ ಸಭೆಯೇ ಎದ್ದು ನಿಂತಿತು. ಮೀನು ಮಾರುವ ಮಾಸ್ತಮ್ಮ ನನ್ನ ಮೇಲೇ ರೇಗಿದಳು: “ದರೋಡೆ ಬೇಕಾರೆ ಮಾಡಿರ್ಲೂ ಸಾಕು. ಮುರುಗಲ ಹುಳಿ ಹಾಕ್ದೆ ಸಾರು ಮಾಡೂಕೆ ಅವ್ರಿಗೆಂತ ಮಳ್ಳು ಹಿಡ್ದಿತ್ತಾ ಮಾಸ್ತರ್ರೆ?”

ಇಂದು ಸಾಕ್ಷಿಗೆಂದು ಒಂದು ಪಾತ್ರೆ ಸಾರು ಕಳಿಸಿದ್ದಳು.

ಆರೋಗ್ಯ ಚೆನ್ನಾಗಿದೆ, ಹೊಟ್ಟೆ ತುಂಬಿದೆ. ನಮ್ಮ ಮನೆತನದಲ್ಲಿ ಯಾರೂ ಮೀನು ಮುಟ್ಟಿದವರಲ್ಲ ಎಂದು ಅಪ್ಪ ಇನ್ನು ಹೇಳಿದರೆ, ನೀನು ಸುಮ್ಮನೆ ತಲೆಯಾಡಿಸು.

ವಾಮನ